‘ವಿಲನ್’ ಅಂದರೆ ಯಾರು?

ಸಿನಿಮಾದಲ್ಲಿ ವಿಲನ್ ಒದೆ ತಿಂದಾಗ ಶಿಳ್ಳೆ ಹೊಡೆದವರು ನಾವು. ಆ ಮಾತಿನ ಬೇರು ಕೆದಕಿದರೆ ಅಲ್ಲಿ ಸಿಗೋನು ಕೇಡಿಗನಲ್ಲ, ನಮ್ಮಪ್ಪಂದಿರ ಹಾಗೆ ಹೊಲದಲ್ಲಿ ಗೇಯುವವನು.

ಲ್ಯಾಟಿನ್ನಿನಲ್ಲಿ ‘ವಿಲ್ಲಾ’ ಎಂದರೆ ಜಮೀನು, ಹೊಲಮನೆ. ಅಲ್ಲಿ ದುಡಿಯುವವನು ಹಳೆಯ ಫ್ರೆಂಚಿನ ‘ವಿಲೇನ್’. ಮೊದಲು ಹಳ್ಳಿಗ ಅಂತಷ್ಟೇ ಅರ್ಥ. ಬರಬರುತ್ತ ಒರಟ, ಕುರೂಪಿ, ನೀಚ. ಇಂಗ್ಲೆಂಡಿಗೆ ಹೋದ ಮಾತು ಎರಡು ಕವಲಾಯಿತು: ಒಂದು ಧಣಿಯ ನೆಲಕ್ಕೆ ಕಟ್ಟುಬಿದ್ದ ಜೀತದಾಳು, ಇನ್ನೊಂದು ದುಷ್ಟ. 1381ರಲ್ಲಿ ಅಲ್ಲಿನ ರೈತರು ದಂಗೆಯೆದ್ದು ಈ ಜೀತವೇ ಬೇಡ ಎಂದರು. ದಂಗೆಯನ್ನು ತುಳಿದರು. ಬೈಗುಳ ಉಳಿಯಿತು.

12ನೇ ಶತಮಾನದ ಕವಿ ಕ್ರೆತಿಯಾಂ ದ ತ್ರುವಾ ‘ಇವ್ಯಾಂ’ ಕಾವ್ಯದಲ್ಲಿ ಕಾಡುಗೂಳಿ ಕಾಯುವ ಒಬ್ಬ ವಿಲೇನನಿಗೆ ಆನೆಯ ಕಿವಿ, ಗೂಬೆಯ ಕಣ್ಣು, ತೋಳದ ಬಾಯಿ ಅಂಟಿಸುತ್ತಾನೆ. ನೀನು ಎಂಥವನು ಅಂತ ಸರದಾರ ಕೇಳಿದರೆ, ತಾನು ಮನುಷ್ಯ ಅಂತಾನೆ ಆ ದನಗಾಹಿ. ಗೇಲಿ ಮಾಡಿದ ಕವಿಯೇ ಈ ಉತ್ತರವನ್ನೂ ಬರೆದ. ಕಾವ್ಯ ಅಲ್ಲಿ ಕವಿಯ ಜಾತಿಯನ್ನು ಮೀರಿದೆ.

ನಮ್ಮಲ್ಲೇನು ಕಮ್ಮಿ? ನಗರದವನು ನಾಗರಿಕ, ಸಭೆಯವನು ಸಭ್ಯ. ಕೆಟ್ಟ ಕೆಲಸಕ್ಕೆ ‘ಹೊಲೆಗೆಲಸ’ ಅಂತ ಹೆಸರು. ಅಲಂಕಾರಶಾಸ್ತ್ರದಲ್ಲಿ ‘ಗ್ರಾಮ್ಯ’ ಒಂದು ಕಾವ್ಯದೋಷ! ಬೆವರಿಗೆ ಬೈಗುಳದ ಹೆಸರಿಡೋದು ಎಲ್ಲ ದೇಶದ ಧಣಿಗಳ ವ್ಯಾಕರಣ.

ನಮ್ಮ ಪದ್ಯದಲ್ಲಿ ಅವ್ವನ ಮಾತು ಬಂದರೆ ಗ್ರಾಮ್ಯ ಅಂತ ಮೂಗು ಮುರಿಯುವ ವಿಮರ್ಶಕರೇ, ನಮ್ಮ ಉತ್ತರವೂ ಆ ದನಗಾಹಿಯದೇ.