ಪರದೇಶಿ, ಪರಂಗಿ, ಸೀಮೆ: ಪರಕೀಯವಾಚಕ ಶಬ್ದಗಳ ಅರ್ಥವಿವೇಚನೆ

ಜಪಾನೀ ಭಾಷೆಯಲ್ಲಿ ಅನ್ಯದೇಶದವನಿಗೆ ‘ಗೈಕೊಕುಜಿನ್’ ಎಂದೂ ‘ಗೈಜಿನ್’ ಎಂದೂ ಎರಡು ಮಾತುಗಳುಂಟು. ಹೊರದೇಶದ ಮನುಷ್ಯನೆಂದು ಮೊದಲನೆಯದರ ಅವಯವಾರ್ಥ. ಬರಿಯ ಹೊರಗಿನ ಮನುಷ್ಯನೆಂದು ಎರಡನೆಯದರದು. ದೇಶವಾಚಕವಾದ ‘ಕೊಕು’ ಲೋಪವಾದೊಡನೆ ಮರ್ಯಾದೆಯೂ ಕುಗ್ಗುವುದೆಂದು ಅನೇಕರ ಭಾವನೆ. ಇದನ್ನು ಕಂಡು, ದೇಶವಾಚಕವುಳ್ಳ ಶಬ್ದವೇ ಗೌರವಯುತವೆಂಬ ನಿಯಮವನ್ನು ಕನ್ನಡಕ್ಕೂ ಅನ್ವಯಿಸಹೊರಡುವುದು ಪ್ರಮಾದಕರವಾದುದು.

ಕನ್ನಡದ ‘ಪರದೇಶಿ’ಯಲ್ಲಿ ದೇಶವು ಸ್ಫುಟವಾಗಿಯೇ ಇದೆ, ಇಲ್ಲದುದು ಮರ್ಯಾದೆ. ಬೆಂಗಳೂರಿನ ಯಡಿಯೂರಿನಲ್ಲಿಯೇ (ಕುಣಿಗಲು ಸೀಮೆಯ ಸಿದ್ಧಲಿಂಗೇಶ್ವರ ಕ್ಷೇತ್ರವಲ್ಲ, ಜಯನಗರದ ಮಗ್ಗುಲಿನ ಕೆರೆಯ ಊರು) ಹುಟ್ಟಿ ಬೆಳೆದ ತಬ್ಬಲಿ ಹುಡುಗನನ್ನು ಕಂಡು ನೆರೆಯವರು ‘ಅಯ್ಯೋ, ಪರದೇಶಿ’ ಎಂದು ಮರುಗುವುದುಂಟು. ಅವನು ಯಾವ ಗಡಿಯನ್ನೂ ದಾಟಿದವನಲ್ಲ. ದಿಕ್ಕಿಲ್ಲದವನೆಂಬುದೇ ಇಲ್ಲಿ ರೂಢ್ಯರ್ಥ. ಯೋಗಕ್ಕಿಂತ ರೂಢಿಯು ಬಲವತ್ತರವೆಂಬ ಶಾಸ್ತ್ರಕಾರರ ನಿರ್ಣಯವನ್ನು ಮರೆತು, ಸಮುದ್ರದಾಚೆಯಿಂದ ಬಂದ ವಿದ್ವಾಂಸನೊಬ್ಬನಿಗೆ ಭಾಷಾಂತರಕಾರರು ಈ ಪದವನ್ನಿಟ್ಟರೆ, ಅತಿಥಿಗೆ ಹಾರ ಹಾಕಿ ಕೈಗೆ ಭಿಕ್ಷಾಪಾತ್ರೆಯನ್ನು ಕೊಟ್ಟಂತಾಗುವುದು. ಅಲ್ಲಿಗೆ ‘ವಿದೇಶೀಯ’ವೇ ಸಾಧು, ನೀರಸವಾದರೂ ನಿರ್ದೋಷ.

‘ಪರಂಗಿ’ಯ ಗತಿ ಬೇರೆ. ಫ್ರಾಂಕರೆಂಬ ಜನಾಂಗದ ಹೆಸರು ಅರಬರ, ಪಾರಸೀಕರ ಬಾಯಲ್ಲಿ ರೂಪಾಂತರ ಹೊಂದಿ ಇಲ್ಲಿಗೆ ಬಂದು, ಪೋರ್ಚುಗೀಸರೇ ಮೊದಲಾದ ಐರೋಪ್ಯರಿಗೆಲ್ಲ ಸಂದಿತು. 16ನೆಯ ಶತಮಾನದ ಭಾವಮಿಶ್ರನು ‘ಭಾವಪ್ರಕಾಶ’ದಲ್ಲಿ ಅವರ ಸಂಪರ್ಕದಿಂದ ಹುಟ್ಟುವ ವ್ಯಾಧಿಯನ್ನು ‘ಫಿರಂಗರೋಗ’ವೆಂದು ಕರೆದನು. ತೋಪೂ ಫಿರಂಗಿಯಾಯಿತು. ಅಮೆರಿಕಾಖಂಡದ ಹಣ್ಣೊಂದು, ತಂದವರ ಹೆಸರನ್ನು ಹೊತ್ತು, ಪರಂಗಿಹಣ್ಣಾಯಿತು. ಹೀಗೆ ಹೇಸಿಗೆ, ಭಯ, ರುಚಿ ಮೂರಕ್ಕೂ ಒಂದೇ ಶಬ್ದವು ಆಶ್ರಯ. ಬಿಳಿಯನನ್ನು ಪರಂಗಿಯವನೆಂದಾಗ ಇವುಗಳಲ್ಲಿ ಯಾವುದು ವಿವಕ್ಷಿತವೆಂಬುದನ್ನು ನಿಘಂಟು ಹೇಳಲಾರದು; ಆಡುವವನ ಕಾಕುವೇ ಹೇಳಬೇಕು.

ಅಯೋನಿಯದ ಗ್ರೀಕರಿಗೆ ಸಂದು, ತರುವಾಯ ಮುಸಲ್ಮಾನರಿಗೆ ಅನ್ವಯಿಸಿದ ‘ಯವನ’ ಶಬ್ದದಲ್ಲಿ ಹೀನಾರ್ಥವೇ ನಿಯತವೆಂದು ಹೇಳುವವರುಂಟು. ಅವರು ಕೃಷ್ಣದೇವರಾಯನ ‘ಯವನರಾಜ್ಯಸ್ಥಾಪನಾಚಾರ್ಯ’ ಎಂಬ ಬಿರುದಿಗೆ ಸಮಾಧಾನ ಹೇಳಬೇಕಾದೀತು. ಹೀನಶಬ್ದವನ್ನು ಯಾವ ಅರಸನೂ ಬಿರುದಿನಲ್ಲಿ ಸೇರಿಸಿಕೊಳ್ಳನು.

ಇನ್ನುಳಿದುದು ‘ಸೀಮೆ’. ಎಲ್ಲೆ, ನಾಡು ಎಂದಿದ್ದ ಈ ಸಂಸ್ಕೃತ ಶಬ್ದವು ಕನ್ನಡದಲ್ಲಿ ಎಲ್ಲೆಯಾಚೆಯದೆಂಬ ಅರ್ಥವನ್ನೂ ಪಡೆಯಿತು. ಇದು ಮನುಷ್ಯರಿಗಿಂತ ಪದಾರ್ಥಗಳಿಗೇ ಹೆಚ್ಚಾಗಿ ಸಲ್ಲುತ್ತದೆ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಇದರಲ್ಲಿ ತಿರಸ್ಕಾರವಿಲ್ಲ, ಸ್ವಲ್ಪ ಕುತೂಹಲವಿದೆಯೆನ್ನಬಹುದು. ಯಡಿಯೂರಿನ ತರಕಾರಿಯಂಗಡಿಗಳಲ್ಲಿ ದೊರೆಯುವ ಸೀಮೆಬದನೆಯ ಮೂಲಸ್ಥಾನ ಮೆಕ್ಸಿಕೊದ ಕಡೆಯದು. ಅದೇ ಕಾಯಿಯನ್ನು ತಮಿಳರು ‘ಬೆಂಗಳೂರು ಕತ್ತರಿಕ್ಕಾಯ್’ ಎಂದೂ ತೆಲುಗರು ‘ಬೆಂಗಳೂರು ವಂಕಾಯ’ ಎಂದೂ ಕರೆಯುತ್ತಾರೆ.