ಒಂದು ಸಾಲಿನ ಅರ್ಥ
ಸ್ಕ್ರ್ಯಾಬಲ್ ಆಡುವವರು ಬಾಯಿಪಾಠ ಮಾಡುವ ಎರಡಕ್ಷರದ ಇಂಗ್ಲಿಷ್ ಪದಗಳ ಪಟ್ಟಿಗಳನ್ನು ನಾನು ನಿಘಂಟಿನಂತೆ ಓದುತ್ತೇನೆ. ಪದ, ಅದರ ಮುಂದೆ ಒಂದೇ ಸಾಲಿನ ಅರ್ಥ. ‘ಝೋ’ ಎಂದರೆ ಯಾಕ್ ಮತ್ತು ದನದ ಮಿಶ್ರತಳಿ. ಕ್ಯೂ, ಐ ಎಂದು ಬರೆದು ‘ಚೀ’ ಎಂದು ಓದುವ ಪದಕ್ಕೆ ‘ಪ್ರಾಣಶಕ್ತಿ’. ಚೀನೀ ವೈದ್ಯ, ತತ್ವಶಾಸ್ತ್ರಗಳು ಶತಮಾನಗಳಿಂದ ಚರ್ಚಿಸಿದ ಪದ. ಆಟಗಾರನಿಗೆ ಮಾತ್ರ ಯು ಇಲ್ಲದೆಯೂ ಕ್ಯೂ ಬಿಲ್ಲೆಯ 10 ಅಂಕ ದಕ್ಕಿಸಿಕೊಳ್ಳುವ ದಾರಿ.

ಇದು ಪದಕ್ಕೆ ಮಾಡಿದ ಅವಮಾನವೆಂದು ಬರೆಯಲು ಹೊರಟಿದ್ದೆ. ಆದರೆ ಫ್ರೆಂಚ್ ಬಾರದ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು, ಅರ್ಥದ ಹಂಗಿಲ್ಲದೆ. ಹಾಗಿದ್ದರೆ ಆಟಕ್ಕೆ ಬೇಡದ ಆ ಸಾಲನ್ನು ಪಟ್ಟಿಕಾರರು ಬರೆಯುವುದೇಕೆ? ಎದುರಾಳಿ ‘ಹಾಗೆಂದರೇನು?’ ಎಂದಾಗ ಸುಮ್ಮನೆ ಕೂರಲು ಎಂಥವರಿಗೂ ಸಂಕೋಚ. ಆ ಸಂಕೋಚ ನನಗಿಷ್ಟ. ತಕರಾರು ಜಿಪುಣತನದ ಬಗ್ಗೆ: ‘ಝೋ’ ಟಿಬೆಟಿನ ಮಾತು ಎಂದು ಸೇರಿಸಲು ಎಷ್ಟು ಜಾಗ ಬೇಕಿತ್ತು?