‘ಜುರಾಸಿಕ್ ಪಾರ್ಕ್’: ಹೆಸರು ಒಂದು, ಕಾಲ ಇನ್ನೊಂದು

ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ಜುರಾಸಿಕ್ ಪಾರ್ಕ್’ (1993) ಚಿತ್ರವು ಡೈನೋಸಾರ್‌ಗಳನ್ನು ಮನೆಮಾತಾಗಿಸಿತು. ಅವನ್ನು ಜಡ ಹಲ್ಲಿಗಳಂತಲ್ಲದೆ ಚುರುಕಾದ, ಹಕ್ಕಿಗಳ ಬಂಧುಗಳಾಗಿ ತೋರಿಸಿದ್ದು ಅದರ ಹಿರಿಮೆ. ಆದರೆ ಕಾಲದ ವಿಷಯದಲ್ಲಿ ಅದು ನೋಡುಗರನ್ನು ದಾರಿ ತಪ್ಪಿಸುತ್ತದೆ.

ಚಿತ್ರದ ನಾಯಕನೆನ್ನಬಹುದಾದ ಟೈರನೋಸಾರಸ್ ಜುರಾಸಿಕ್ ಪ್ರಾಣಿಯೇ ಅಲ್ಲ. ಅದೂ ಮೂರು ಕೊಂಬಿನ ಟ್ರೈಸೆರಾಟಾಪ್ಸೂ ಬದುಕಿದ್ದು ಕ್ರಿಟೇಷಿಯಸ್ ಅವಧಿಯ ಕೊನೆಯ ಘಟ್ಟವಾದ ಮಾಸ್ಟ್ರಿಕ್ಟಿಯನ್‌ನಲ್ಲಿ. ಇದು ಸುಮಾರು 7.2 ಕೋಟಿ ವರ್ಷಗಳ ಹಿಂದೆ ಆರಂಭವಾಗಿ 6.6 ಕೋಟಿ ವರ್ಷಗಳ ಹಿಂದೆ ಮುಗಿಯಿತು. ಚಿತ್ರದ ಬ್ರಾಕಿಯೋಸಾರಸ್ ನಿಜಕ್ಕೂ ಜುರಾಸಿಕ್ ಕಾಲದ್ದು; ಸುಮಾರು 15 ಕೋಟಿ ವರ್ಷ ಹಳೆಯದು. ಲೆಕ್ಕ ಹಾಕಿ ನೋಡಿ: ಟೈರನೋಸಾರಸ್‌ಗೆ ಕಾಲದಲ್ಲಿ ಬ್ರಾಕಿಯೋಸಾರಸ್‌ಗಿಂತ ನಾವೇ ಹತ್ತಿರ! ಮರುಹುಟ್ಟು ಪಡೆದ ಪ್ರಾಣಿಗಳು ಒಂದೆಡೆ ಸೇರುವುದು ಕಥೆಗೆ ಒಪ್ಪುತ್ತದೆ. ಎಲ್ಲಕ್ಕೂ ‘ಜುರಾಸಿಕ್’ ಹಣೆಪಟ್ಟಿ ಒಪ್ಪುವುದಿಲ್ಲ.

ಇದರ ಪರಿಣಾಮ ತರಗತಿಯಲ್ಲಿ ಕಾಣುತ್ತದೆ. ‘ನಮ್ಮ ಹರಪನಹಳ್ಳಿಯ ಗುಡ್ಡಗಳಲ್ಲಿ ಡೈನೋಸಾರ್ ಮೂಳೆ ಸಿಕ್ಕೀತೆ?’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇಲ್ಲಿನ ಶಿಲೆಗಳು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯವು. ಆಗ ಮೂಳೆಯುಳ್ಳ ಪ್ರಾಣಿಯೇ ಇರಲಿಲ್ಲ. ಮಾಸ್ಟ್ರಿಕ್ಟಿಯನ್ ಕಾಲದ ಕುರುಹು ಬೇಕಾದರೆ ಕಲಬುರಗಿ ಸೀಮೆಗೆ ಹೋಗಬೇಕು. ಅಲ್ಲಿ ದಖನ್ ಲಾವಾ ಪದರಗಳ ನಡುವೆ ಉಳಿದ ಕೆಸರುಶಿಲೆಯಲ್ಲಿ ಆಸ್ಟ್ರಕಾಡ್ ಎಂಬ ಸಿಹಿನೀರಿನ ಪುಟ್ಟ ಚಿಪ್ಪುಜೀವಿಗಳ ಪಳೆಯುಳಿಕೆಗಳು ದೊರೆತಿವೆ. ಗುಜರಾತಿನ ರಹಿಯೋಲಿಯಲ್ಲಿ ದೊರೆತ ಅದೇ ಕಾಲದ ಮಾಂಸಾಹಾರಿ ಡೈನೋಸಾರ್‌ಗೆ 2003ರಲ್ಲಿ ರಾಜಾಸಾರಸ್ ಎಂದು ಹೆಸರಿಡಲಾಯಿತು.

ಶಿಕ್ಷಕರು ಈ ಚಿತ್ರವನ್ನು ಧಾರಾಳವಾಗಿ ತೋರಿಸಲಿ. ಜೊತೆಗೆ ಗೋಡೆಯ ಮೇಲೆ ಕೋಟಿ ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ ಗೆರೆ ಎಳೆಯಿಸಲಿ. ಟೈರನೋಸಾರಸ್‌ನ ಅಂತ್ಯ 6.6ರಲ್ಲಿ, ಬ್ರಾಕಿಯೋಸಾರಸ್ 15ರಲ್ಲಿ, ನಮ್ಮೂರ ಬಂಡೆ 250ರಲ್ಲಿ! ಚಿತ್ರ ಹೇಳದ ಪಾಠವನ್ನು ಆ ಗೆರೆ ಹೇಳುತ್ತದೆ.